ಎದುರು ಎಡಗಡೆ ಕೇಳಿದ ‘ಟಕ್’ ಹಿಂದಿನ ಬೋಲ್ಟಿನಲ್ಲಿ ಸಿಕ್ಕಿತು: ಹಳೆಯ ಮಾರುತಿ 800ರ ಕೆಲಸದ ದಾಖಲೆ

ಗಾಡಿ ಮಾರುತಿ 800, 1998ರ ಮಾಡೆಲ್, ಕಾರ್ಬುರೇಟರ್ ಇಂಜಿನ್, ಕೆಎ 20 (ಉಡುಪಿ) ನೋಂದಣಿ. ಮೀಟರಿನಲ್ಲಿ 1,12,000 ಕಿ.ಮೀ. ಮಲ್ಪೆಯಲ್ಲಿ ಶೀಟಿನ ಮಾಡಿನ ಕೆಳಗೆ ನಿಲ್ಲುವ ಗಾಡಿ, ಸಮುದ್ರ ಅರ್ಧ ಕಿಲೋಮೀಟರೂ ದೂರ ಇಲ್ಲ. ದೂರು ಒಂದೇ ಸಾಲಿನದು: “ಎದುರು ಎಡಗಡೆ ಟಕ್ ಟಕ್ ಅಂತ ಉಂಟು. ಹೊಂಡದ ರೋಡಲ್ಲಿ ನಿಧಾನ ಹೋಗುವಾಗ ಮಾತ್ರ. ಹೈವೇಲಿ ಏನೂ ಇಲ್ಲ.”

ಈ ಒಂದು ಸಾಲಿನ ಮೇಲೆ ಎದುರಿನ ಎರಡೂ ಶಾಕಬ್ಸರ್ ಮತ್ತು ಎಡಗಡೆಯ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಅದಾಗಲೇ ಬದಲಾಗಿದ್ದವು. ಸದ್ದು ಕೂದಲಷ್ಟೂ ಕಡಿಮೆಯಾಗಿರಲಿಲ್ಲ. ತೆಗೆದಿಟ್ಟಿದ್ದ ಹಳೆಯ ಶಾಕಬ್ಸರ್‌ಗಳನ್ನು ನೋಡಿದರೆ ಎಣ್ಣೆ ಸೋರಿದ ಗುರುತಿಲ್ಲ, ರಾಡ್ ಒತ್ತಿದರೆ ಸಮನಾಗಿ ಇಳಿಯುತ್ತದೆ, ಎಳೆದರೆ ಗಟ್ಟಿಯಾಗಿ ಹಿಡಿಯುತ್ತದೆ. ಕೆಟ್ಟಿರದ ಸಾಮಾನನ್ನೇ ಬಿಚ್ಚಿ ಹಾಕಿದ್ದಾರೆ. ಸದ್ದು ಎಲ್ಲಿಂದ ಅಂತ ಗೊತ್ತಾಗುವ ಮೊದಲೇ ಪಾರ್ಟ್ಸ್ ಅಂಗಡಿಗೆ ಹೋದರೆ ಆಗುವುದು ಹೀಗೆ. ಆದ್ದರಿಂದ ಈ ಸಲ ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಇಡೀ ಬೆಳಗ್ಗೆ ಕೇಳುವುದಕ್ಕೇ ಹೋಯಿತು.

ಮೊದಲು ಈ ಗಾಡಿಯ ಕೆಳಗಿನ ಕಟ್ಟು ತಲೆಯಲ್ಲಿರಬೇಕು. ಎದುರು ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕಬ್ಸರ್ ಸೇರಿ ಒಂದೇ ಕಂಬ), ಪ್ರತಿ ಬದಿಗೆ ಒಂದು ನೇರವಾದ ಲೋವರ್ ಆರ್ಮ್. ಆರ್ಮ್‌ನ ಒಳತುದಿಗೆ ಒಂದೇ ಬುಷ್ (ಜೋಡಣೆಯಲ್ಲಿ ಕೂರುವ ರಬ್ಬರಿನ ಬಳೆ) ಇರುವುದರಿಂದ ಅದನ್ನು ಹಿಂದೆ ಮುಂದೆ ಹೋಗದಂತೆ ಹಿಡಿಯುವುದು ಸ್ಟೆಬಿಲೈಸರ್ ಬಾರ್‌ನ ತುದಿ. ಅಂದರೆ ಬಾರ್‌ಗೆ ಎರಡು ಕೆಲಸ: ತಿರುವಿನಲ್ಲಿ ಗಾಡಿ ವಾಲದಂತೆ ನೋಡುವುದು, ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯದಂತೆ ತಡೆಯುವುದು. ಹಿಂದೆ ಗಟ್ಟಿ ಆಕ್ಸಲ್, ಅದನ್ನು ಹಿಂದೆ ಮುಂದೆ ಹೋಗದಂತೆ ಹಿಡಿಯುವ ಎರಡು ಟ್ರೇಲಿಂಗ್ ಆರ್ಮ್, ಕಾಯಿಲ್ ಸ್ಪ್ರಿಂಗ್, ಶಾಕಬ್ಸರ್. ಇವುಗಳ ಜೊತೆಗೆ ಅಡ್ಡಕ್ಕೆ ಒಂದು ಲ್ಯಾಟರಲ್ ರಾಡ್, ಒಂದು ತುದಿ ಆಕ್ಸಲಿಗೆ, ಇನ್ನೊಂದು ಬಾಡಿಯ ತಗಡಿಗೆ. ಆಕ್ಸಲ್ ಎಡಕ್ಕೆ ಬಲಕ್ಕೆ ಜಾರದಂತೆ ಹಿಡಿದಿಡುವುದು ಈ ಒಂದೇ ರಾಡ್. ಈ ರಾಡನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಈ ಗಾಡಿಯ ಕಥೆ ಕೊನೆಗೆ ಅದರ ಬುಡಕ್ಕೇ ಹೋಗಿ ನಿಂತಿತು.

ಸದ್ದಿನ ಹೆಸರು

ಅಡಿಭಾಗದ ಸದ್ದುಗಳನ್ನು ಬೇರೆ ಮಾಡಲು ಕನ್ನಡದಲ್ಲಿ ಇರುವಷ್ಟು ಪದ ಸಾಕು, ಅದನ್ನು ಸರಿಯಾಗಿ ಬಳಸಿದರೆ ಆಯಿತು. ಒಂದೇ ಸಲ, ಗಟ್ಟಿಯಾಗಿ, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಹಾಗೆ ಬಂದರೆ ‘ಟಕ್’. ಎಲ್ಲೋ ಸಡಿಲ ಇದೆ, ಲೋಡಿನ ದಿಕ್ಕು ಬದಲಾದಾಗ ಆ ಜಾಗ ದಾಟುತ್ತಿದೆ ಅಂತ ಅರ್ಥ. ಸಣ್ಣ ಕಲ್ಲಿನ ಮೇಲೂ ಬಿಡದೆ ಬರುವ ‘ಕಟಕಟ’ ಹೆಚ್ಚಾಗಿ ಹಗುರದ ಸಾಮಾನು: ಡಿಸ್ಕ್ ಪ್ಯಾಡ್, ಕ್ಯಾಲಿಪರ್ ಪಿನ್, ಹ್ಯಾಂಡ್‌ಬ್ರೇಕ್ ಕೇಬಲ್. ‘ಕಿರ್ರ್’ ಅಂತ ಎಳೆದ ಹಾಗೆ ಬಂದರೆ ಒಣಗಿದ ರಬ್ಬರ್. ‘ಧಡ್’ ಅಂತ ದೊಡ್ಡ ಹೊಂಡದಲ್ಲಿ ಮಾತ್ರ ಬಂದರೆ ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ರಬ್ಬರ್) ಪುಡಿಯಾಗಿದೆ ಅಥವಾ ಸ್ಪ್ರಿಂಗ್ ಕುಗ್ಗಿದೆ. ‘ಗುಂಯ್’ ಅಂತ ವೇಗದ ಜೊತೆ ಏರುವುದು ವೀಲ್ ಬೇರಿಂಗ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲೇಟರ್ ಒತ್ತಿದಾಗ ಚಕ್ರದ ಸುತ್ತಿನ ಲೆಕ್ಕಕ್ಕೆ ಸರಿಯಾಗಿ ‘ಟಕ ಟಕ ಟಕ’ ಬಂದರೆ ಅದು ಎದುರಿನ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್, ಸಸ್ಪೆನ್ಶನ್ ಅಲ್ಲವೇ ಅಲ್ಲ. ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಸ್ಪ್ರಿಂಗ್ ‘ಟೊಂಯ್’ ಅಂದರೆ ಸ್ಟ್ರಟ್ಟಿನ ಮೇಲಿನ ಬೇರಿಂಗ್ ಹಿಡಿದುಕೊಳ್ಳುತ್ತಿದೆ.

ಈ ಗಾಡಿಯಲ್ಲಿ ಕೇಳಿಸಿದ್ದು ‘ಟಕ್’. ಗಮನವಿಟ್ಟು ಕೇಳಿದರೆ ಅದರ ಅಡಿಯಲ್ಲಿ ಇನ್ನೊಂದು ಸಣ್ಣ ‘ಕಿರ್ರ್’. ಎರಡು ಸದ್ದು ಇದೆ ಅಂತ ಗೊತ್ತಾದದ್ದೇ ಮೊದಲ ಸುಳಿವು.

ಕೇಳುವ ಮೊದಲು ಗಾಡಿ ಖಾಲಿ ಮಾಡಬೇಕು. ಡಿಕ್ಕಿಯಿಂದ ಸ್ಟೆಪ್ನಿ, ಜಾಕಿ, ಹ್ಯಾಂಡಲ್, ಸೀಟಿನ ಅಡಿಯ ಬಾಟಲಿ, ಗ್ಲೋವ್ ಬಾಕ್ಸಿನ ಚಿಲ್ಲರೆ ಎಲ್ಲ ಹೊರಗೆ. ಬಾನೆಟ್ ಎತ್ತಿ ಬ್ಯಾಟರಿಯ ಕ್ಲ್ಯಾಂಪ್ ಅಲುಗಾಡಿಸಿ ನೋಡಬೇಕು. ಉಪ್ಪುಗಾಳಿಗೆ ಬ್ಯಾಟರಿ ಟ್ರೇ ತಿಂದುಹೋಗಿ ಬ್ಯಾಟರಿಯೇ ಕುಣಿಯುವ ಗಾಡಿಗಳು ಕರಾವಳಿಯಲ್ಲಿ ಬೇಕಾದಷ್ಟಿವೆ, ಆ ಸದ್ದು ಥೇಟ್ ಸಸ್ಪೆನ್ಶನ್ನಿನ ಹಾಗೇ ಕೇಳುತ್ತದೆ. ಹಿಂದಿನ ಸೀಟಿನ ಬೆಲ್ಟಿನ ಬಕಲ್, ನಂಬರ್ ಪ್ಲೇಟ್, ಬಾನೆಟ್ ಎತ್ತಿ ನಿಲ್ಲಿಸುವ ಕಂಬಿ, ಇವಕ್ಕೆಲ್ಲ ಟೇಪು ಸುತ್ತಬೇಕು. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಇರಬೇಕು. ಗಾಳಿ ಜಾಸ್ತಿಯಾದ ಟೈರು ಇಲ್ಲದ ಸದ್ದನ್ನೂ ಹುಟ್ಟಿಸುತ್ತದೆ.

ರಸ್ತೆಯ ಮೇಲೆ

ಪರೀಕ್ಷೆಗೆ ಆರಿಸಿದ್ದು ಸಂತೆಕಟ್ಟೆಯ ಹತ್ತಿರ ಒಳರಸ್ತೆಯ 200 ಮೀಟರ್: ಒಂದು ಹಂಪ್, ಡಾಂಬರು ಕಿತ್ತುಹೋದ ಒಂದು ಅಂಚು, ಕಾಂಕ್ರೀಟ್ ರಸ್ತೆ ಶುರುವಾಗುವ ಒಂದು ಜೋಡಣೆ. ಪ್ರತಿ ಸಲ ಅದೇ ರಸ್ತೆ, ಅದೇ ವೇಗ. ಬೇರೆ ಬೇರೆ ರಸ್ತೆಯಲ್ಲಿ ಕೇಳಿದರೆ ಹೋಲಿಸಲು ಏನೂ ಉಳಿಯುವುದಿಲ್ಲ.

ಹಂಪನ್ನು ಎರಡೂ ಚಕ್ರ ಒಟ್ಟಿಗೆ ಏರುವಂತೆ ನೇರವಾಗಿ ದಾಟಿದರೆ ಟಕ್ ಬಹಳ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಒಂದು ಬದಿಯ ಚಕ್ರ ಮಾತ್ರ ಕಿತ್ತುಹೋದ ಅಂಚಿಗೆ ಇಳಿಸಿದರೆ ಪ್ರತಿ ಸಲ ಟಕ್. ಇದು ತುಂಬ ಹೇಳುವ ಪರೀಕ್ಷೆ. ಶಾಕಬ್ಸರ್, ಸ್ಪ್ರಿಂಗ್, ಸ್ಟ್ರಟ್ಟಿನ ಮೇಲಿನ ಮೌಂಟ್ ಕೆಟ್ಟಿದ್ದರೆ ಎರಡೂ ಚಕ್ರ ಒಟ್ಟಿಗೆ ಏರಿದಾಗಲೂ ಸದ್ದು ಬರಬೇಕು. ಒಂದೇ ಬದಿ ಏರಿದಾಗ ಹೆಚ್ಚಾದರೆ, ಎಡಬಲದ ವ್ಯತ್ಯಾಸದಿಂದ ಕೆಲಸ ಮಾಡುವ ಸಾಮಾನಿನ ಮೇಲೆ ಸಂಶಯ. ಎದುರು ಅಂಥದ್ದು ಸ್ಟೆಬಿಲೈಸರ್ ಬಾರ್. ಹಿಂದೆ ಲ್ಯಾಟರಲ್ ರಾಡ್, ಯಾಕೆಂದರೆ ಒಂದು ಚಕ್ರ ಏರಿ ಬಾಡಿ ಪಕ್ಕಕ್ಕೆ ತೂಗಿದಾಗ ಆ ಅಡ್ಡ ಬಲವೆಲ್ಲ ಅದರ ಎರಡು ತುದಿಗೆ ಬೀಳುತ್ತದೆ.

ಅದೇ ಜಾಗದಲ್ಲಿ ಬ್ರೇಕ್ ಪೆಡಲನ್ನು ಮೆಲ್ಲಗೆ ಒತ್ತಿಕೊಂಡೇ ಹೋದರೆ ಸದ್ದು ಬದಲಾಗಲಿಲ್ಲ. ಪ್ಯಾಡ್ ಅಥವಾ ಕ್ಯಾಲಿಪರ್ ಆಗಿದ್ದರೆ ಪಿಸ್ಟನ್ ಒತ್ತಿಹಿಡಿದ ಕೂಡಲೇ ನಿಲ್ಲಬೇಕಿತ್ತು. ಹಾಗಾಗಿ ಬ್ರೇಕ್ ಪಟ್ಟಿಯಿಂದ ಹೊರಗೆ.

ಖಾಲಿ ಜಾಗದಲ್ಲಿ ಮುಂದಕ್ಕೆ ಹತ್ತು ಕಿ.ಮೀ. ವೇಗದಲ್ಲಿ ಹೋಗಿ ಗಟ್ಟಿಯಾಗಿ ಬ್ರೇಕ್, ಆಮೇಲೆ ರಿವರ್ಸಿನಲ್ಲಿ ಬಂದು ಗಟ್ಟಿಯಾಗಿ ಬ್ರೇಕ್. ದಿಕ್ಕು ಬದಲಿಸಿದ ಮೊದಲ ಬ್ರೇಕಿಗೆ ಎದುರಿನಿಂದ ಒಂದೇ ಒಂದು ಟಕ್, ಎರಡನೇ ಸಲ ಅದೇ ದಿಕ್ಕಿನಲ್ಲಿ ಹಾಕಿದರೆ ಇಲ್ಲ. ಎದುರಿನ ಚಕ್ರ ಹಿಂದೆ ಮುಂದೆ ಸರಿಯುತ್ತಿದೆ ಅಂತಾಯಿತು. 800ರಲ್ಲಿ ಅದಕ್ಕೆ ಉತ್ತರ ಎರಡೇ: ಬಾರ್ ತುದಿಯ ಬುಷ್, ಅಥವಾ ಲೋವರ್ ಆರ್ಮ್ ಒಳಬುಷ್. ಎಡ ಆರ್ಮ್ ಹೊಸದು, ಹಾಗಾಗಿ ಆ ಬದಿಯಲ್ಲಿ ಸಂಶಯ ಬಾರ್ ತುದಿಯ ಬುಷ್ ಮೇಲೆಯೇ.

ಕೊನೆಯದಾಗಿ ಕೆಳಭಾಗಕ್ಕೆ ಪೈಪಿನಿಂದ ಬರೀ ನೀರು ಬಿಟ್ಟು ಮತ್ತೆ ಅದೇ ರಸ್ತೆ. ಕಿರ್ರ್ ಪೂರ್ತಿ ಮಾಯ, ಟಕ್ ಹಾಗೆಯೇ. ಮಳೆಗಾಲದಲ್ಲಿ ಸದ್ದು ಹೋಗಿ, ಮಾರ್ಚ್ ಬಿಸಿಲಿಗೆ ಮತ್ತೆ ಬರುವ ಗಾಡಿಗಳ ಗುಟ್ಟು ಇಷ್ಟೇ. ಒದ್ದೆಯಾದ ರಬ್ಬರ್ ಕಂಬಿಯ ಮೇಲೆ ಜಾರುತ್ತದೆ, ಒಣಗಿದ್ದು ಹಿಡಿದು ಬಿಡುತ್ತದೆ. ನೀರಿಗೆ ಬದಲಾದ ಸದ್ದು ರಬ್ಬರಿನ ಮೇಲ್ಮೈಯದು, ಬದಲಾಗದ್ದು ಸಡಿಲದ್ದು.

ಗಾಡಿ ಎತ್ತುವಾಗ

ಇಲ್ಲಿ ಸ್ವಲ್ಪ ನಿಲ್ಲಬೇಕು. ಕರಾವಳಿಯ ಹಳೆಯ 800ರಲ್ಲಿ ಬಾಗಿಲಿನ ಕೆಳಗಿನ ಜಾಕಿ ಪಾಯಿಂಟನ್ನು ಕಣ್ಣಿನಿಂದ ನೋಡಿ ನಂಬಬಾರದು. ಮೇಲೆ ಪೇಂಟ್ ಚೆನ್ನಾಗಿರುತ್ತದೆ, ಒಳಗೆ ತಗಡು ಹಪ್ಪಳದ ಹಾಗೆ ಆಗಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ಬಡಿದು ನೋಡಿ: ಗಟ್ಟಿ ತಗಡು ಗಣ್ ಅನ್ನುತ್ತದೆ, ತಿಂದದ್ದು ಮಂಕಾಗಿ ಕೇಳುತ್ತದೆ. ಮಂಕಾದ ಕಡೆ ತುದಿಯಿಂದ ಒತ್ತಿದರೆ ತೂತು ಬೀಳುತ್ತದೆ. ಅಲ್ಲಿ ಸ್ಟ್ಯಾಂಡ್ ಇಡಬಾರದು.

ಜಾಕಿ ಎತ್ತುವುದಕ್ಕೆ ಮಾತ್ರ, ಗಾಡಿ ನಿಲ್ಲಬೇಕಾದ್ದು ಕಬ್ಬಿಣದ ಸ್ಟ್ಯಾಂಡಿನ ಮೇಲೆ. ನಮ್ಮ ಕಡೆ ಅಂಗಳದಲ್ಲಿ ಕೈಗೆ ಸಿಗುವುದು ಕೆಂಪು ಕಲ್ಲು ಮತ್ತು ಸಿಮೆಂಟ್ ಬ್ಲಾಕ್. ಎರಡೂ ಬೇಡ. ಕೆಂಪು ಕಲ್ಲು ಗೋಡೆಯಲ್ಲಿ ಸಮನಾಗಿ ಭಾರ ಹೊರುತ್ತದೆ, ಒಂದೇ ಬಿಂದುವಿಗೆ ಭಾರ ಬಿದ್ದರೆ ಸೂಚನೆಯೇ ಕೊಡದೆ ಪುಡಿಯಾಗುತ್ತದೆ. ಟೊಳ್ಳು ಬ್ಲಾಕ್ ಹೋಳಾಗುತ್ತದೆ. ಬಿಚ್ಚಿದ ಚಕ್ರವನ್ನು ಬಾಗಿಲಿನ ಅಡಿಗೆ ಮಲಗಿಸಿಡಿ, ಹೆಚ್ಚುವರಿ ರಕ್ಷಣೆಗೆ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಬಾಲ್ ಜಾಯಿಂಟ್ (ಲೋವರ್ ಆರ್ಮ್ ಹೊರತುದಿಯ ಗುಂಡು ಜೋಡಣೆ) ಮತ್ತು ಬೇರಿಂಗ್ ತಿಳಿಯುತ್ತದೆ, ಎಡಬಲ ಹಿಡಿದು ಅಲುಗಾಡಿಸಿದರೆ ಸ್ಟೇರಿಂಗಿನ ಟೈ ರಾಡ್ ಎಂಡ್ ಮತ್ತು ರ್‍ಯಾಕ್. ಈ ಗಾಡಿಯಲ್ಲಿ ನಾಲ್ಕೂ ಸರಿ. ಆದರೆ ನೆನಪಿಡಬೇಕಾದ್ದು: ಚಕ್ರ ನೇತಾಡುವಾಗ ಸ್ಪ್ರಿಂಗ್ ಪೂರ್ತಿ ಕೆಳಗೆ ದೂಡಿರುತ್ತದೆ, ಬುಷ್‌ಗಳೆಲ್ಲ ಒಂದು ಬದಿಗೆ ಒತ್ತಿಕೊಂಡಿರುತ್ತವೆ. ಸಡಿಲ ಇದ್ದರೂ ಕೈಗೆ ಸಿಗುವುದಿಲ್ಲ. ಲಿಫ್ಟ್ ಮೇಲೆ ‘ಎಲ್ಲ ಸರಿ ಉಂಟು’ ಅಂತ ವಾಪಸು ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ಕಾರಣ ಇದೇ. ಸಡಿಲ ಹುಡುಕಬೇಕಾದ್ದು ಟೈರು ನೆಲದ ಮೇಲಿದ್ದು ಗಾಡಿಯ ಭಾರ ಅದರ ಮೇಲಿರುವಾಗ. ಪಿಟ್ (ಗಾಡಿಯ ಕೆಳಗೆ ಇಳಿದು ನಿಲ್ಲುವ ಗುಂಡಿ) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಾಲ್ಕೂ ಚಕ್ರ ಹತ್ತಿಸುವ ಗಟ್ಟಿ ರ್‍ಯಾಂಪ್.

ಎದುರಿನ ಸದ್ದು

ಭಾರದ ಮೇಲೆ ನಿಲ್ಲಿಸಿ, ಲೋವರ್ ಆರ್ಮ್ ಮತ್ತು ಬಾರ್ ತುದಿಯ ನಡುವೆ ಟಾಮಿ (ಕಬ್ಬಿಣದ ಸಲಾಕೆ) ಹಾಕಿ ಮೀಟಿದರೆ ಬಲಗಡೆಯ ತುದಿ ಬುಷ್ ಎರಡು ಮೂರು ಮಿಲಿಮೀಟರ್ ಹೋಗಿ ಬರುತ್ತಿತ್ತು. ಎಡಗಡೆ ಆರ್ಮ್ ಬದಲಿಸುವಾಗ ಹಳೆಯ ಬುಷ್‌ಗಳನ್ನೇ ತಿರುಗಿಸಿ ಹಾಕಿದ್ದರು. ಬಾರನ್ನು ಬಾಡಿಯ ಅಡಿಗೆ ಹಿಡಿಯುವ, ಇಂಗ್ಲಿಷ್ ಡಿ ಆಕಾರದ ಎರಡು ಡಿ ಬುಷ್‌ಗಳ ಒಳಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಕಿರ್ರ್ ಅಲ್ಲಿಂದ.

ಬಿಚ್ಚುವ ಹಿಂದಿನ ಸಂಜೆಯೇ ನಟ್ಟುಗಳಿಗೆ ವೈರ್ ಬ್ರಷ್ ಹಾಕಿ, ಎಳೆಗಳ (ಥ್ರೆಡ್) ತುಕ್ಕು ಕೆದಕಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಬೇಕು. ರಾತ್ರಿ ಒಂದು ಸಲ, ಬೆಳಗ್ಗೆ ಒಂದು ಸಲ. ತುಕ್ಕು ಹಿಡಿದ ನಟ್ಟನ್ನು ಒಂದೇ ಉಸಿರಿಗೆ ತಿರುಗಿಸಿದರೆ ಬಾರ್ ತುದಿಯ ಎಳೆ ಕಿತ್ತುಬರುತ್ತದೆ, ಆಮೇಲೆ ಇಡೀ ಬಾರ್ ಬದಲಿಸಬೇಕು. ಕಾಲು ಸುತ್ತು ಬಿಚ್ಚಿ, ಎಂಟನೇ ಒಂದು ಸುತ್ತು ವಾಪಸು, ಮತ್ತೆ ಕಾಲು ಸುತ್ತು. ಗ್ಯಾಸ್ ಕಟರಿನ ಬೆಂಕಿ ಇಲ್ಲಿ ಬೇಡ, ಪಕ್ಕದಲ್ಲೇ ಬಾಲ್ ಜಾಯಿಂಟಿನ ರಬ್ಬರ್ ಬೂಟ್ ಇದೆ. ಬಾರ್ ತುದಿಯ ವಾಷರ್‌ಗಳು ಬಟ್ಟಲಿನಾಕಾರದವು, ಯಾವ ಮೈ ಯಾವ ಕಡೆಗೆ ಅನ್ನುವುದು ಮುಖ್ಯ. ಬಿಚ್ಚುವ ಮೊದಲು ಒಂದು ಫೋಟೋ, ಬಿಚ್ಚಿದ ಹಾಗೆ ಅದೇ ಕ್ರಮದಲ್ಲಿ ಒಂದು ತಂತಿಗೆ ಪೋಣಿಸಿ ಇಟ್ಟರೆ ಆಯಿತು. ಎರಡೂ ಬದಿ ಒಟ್ಟಿಗೆ ಬಿಚ್ಚಬೇಡಿ. ಒಂದು ಬದಿ ನೋಡಿಕೊಂಡು ಇನ್ನೊಂದು ಬದಿ ಜೋಡಿಸಬಹುದು.

ಬಾರ್‌ನಲ್ಲಿ ಡಿ ಬುಷ್ ಕೂರುವ ಜಾಗ ತುಕ್ಕಿಗೆ ಗುಳಿಗುಳಿಯಾಗಿತ್ತು. ಇದನ್ನು ಹಾಗೇ ಬಿಟ್ಟರೆ ಆ ಗುಳಿಯ ಅಂಚು ಅರದ ಹಾಗೆ ಕೆಲಸ ಮಾಡಿ ಹೊಸ ಬುಷ್‌ ಅನ್ನು ಒಂದೆರಡು ತಿಂಗಳಲ್ಲಿ ತಿನ್ನುತ್ತದೆ. 120 ನಂಬರಿನ ಎಮರಿ ಪೇಪರಿನ ಪಟ್ಟಿ ಸುತ್ತಿ, ಬೂಟ್ ಪಾಲಿಶ್ ಮಾಡುವ ಹಾಗೆ ಎಳೆದು, ಆಮೇಲೆ 320ರಲ್ಲಿ ನಯ ಮಾಡಿ, ಎಪಾಕ್ಸಿ ಪ್ರೈಮರ್ ತೆಳ್ಳಗೆ ಹೊಡೆದು ಒಣಗಿಸಲಾಯಿತು.

ಬುಷ್ ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ. ಉಗುರು ಇಳಿದು, ಬಿಟ್ಟ ಕೂಡಲೇ ಗುರುತು ಮಾಯವಾದರೆ ಒಳ್ಳೆಯ ರಬ್ಬರ್. ಉಗುರೇ ಇಳಿಯದಿದ್ದರೆ ಅದು ಕಲ್ಲು, ಹಾಕಿದರೆ ಸದ್ದು ಇನ್ನೂ ಜೋರು. ಪಾಲಿಯೂರಿಥೇನ್ ಬುಷ್ ಈ ಗಾಡಿಗೆ ಅಗತ್ಯವಿಲ್ಲ, ಬೇಸಿಗೆಯಲ್ಲಿ ಅದೂ ಕಿರುಗುಟ್ಟುತ್ತದೆ. ರಬ್ಬರಿಗೆ ಸಾದಾ ಬೇರಿಂಗ್ ಗ್ರೀಸ್ ಹಚ್ಚಬಾರದು, ಪೆಟ್ರೋಲಿಯಂ ಎಣ್ಣೆಗೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕಾನ್ ಗ್ರೀಸ್ ತೆಳ್ಳಗೆ, ಅಷ್ಟೇ. ಡಿ ಬುಷ್‌ನ ಸೀಳು ಮೊದಲಿದ್ದ ದಿಕ್ಕಿಗೇ ಬರಬೇಕು.

ನಟ್ಟುಗಳನ್ನು ಕೈಯಲ್ಲಿ ತಾಗುವವರೆಗೆ ಮಾತ್ರ ಬಿಗಿದು, ಗಾಡಿ ಇಳಿಸಿ, ಬಾನೆಟ್ ಮೇಲೆ ನಾಲ್ಕೈದು ಸಲ ಒತ್ತಿ ಅಲುಗಾಡಿಸಿ, ಭಾರದ ಮೇಲೆಯೇ ಪೂರ್ತಿ ಬಿಗಿ. ಬಾರ್ ಸಡಿಲಿಸಿದ್ದರಿಂದ ಆಮೇಲೆ ಟೋ (ಎದುರಿನ ಚಕ್ರಗಳು ಒಳಕ್ಕೆ ಅಥವಾ ಹೊರಕ್ಕೆ ಓರೆಯಾಗಿರುವ ಅಳತೆ) ಪರೀಕ್ಷೆ ಮಾಡಿಸಲೇಬೇಕು.

ಮತ್ತೆ ಅದೇ 200 ಮೀಟರ್. ಕಿರ್ರ್ ಹೋಗಿದೆ. ಬ್ರೇಕಿನ ಟಕ್ ಹೋಗಿದೆ. ಕಿತ್ತುಹೋದ ಅಂಚಿಗೆ ಒಂದು ಚಕ್ರ ಇಳಿಸಿದಾಗಿನ ಟಕ್ ಮಾತ್ರ ಇದ್ದಲ್ಲೇ ಇದೆ, ಅದೂ ಎದುರು ಎಡಗಡೆಯಿಂದಲೇ ಬಂದ ಹಾಗೆ. ಎಷ್ಟೋ ಕೆಲಸಗಳು ಹಾದಿ ತಪ್ಪುವುದು ಇಂಥಲ್ಲೇ. ಸಿಕ್ಕಿದ ದೋಷ ನಿಜ, ಆದರೆ ಹುಡುಕುತ್ತಿದ್ದ ದೋಷ ಅದಲ್ಲ.

ಕಿವಿಯನ್ನು ಬಿಟ್ಟು

800ರಂಥ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲಿನ ಕೆಳಗಿನ ಟೊಳ್ಳು ಪೆಟ್ಟಿಗೆ ಹಿಂದಿನಿಂದ ಮುಂದಕ್ಕೆ ಒಂದು ಕೊಳವೆ. ಹಿಂದೆ ಬಿದ್ದ ಪೆಟ್ಟು ತಗಡಿನ ಮೂಲಕ ಓಡಿ, ತಗಡು ತೆಳ್ಳಗಾಗಿ ಅದುರುವ ಜಾಗದಲ್ಲಿ ಗಾಳಿಗೆ ಬಿಡುಗಡೆಯಾಗುತ್ತದೆ. ಡ್ಯಾಶ್‌ಬೋರ್ಡಿನ ಎಡಭಾಗ, ಗ್ಲೋವ್ ಬಾಕ್ಸಿನ ಹಿಂದೆ, ಅಂಥ ಒಂದು ಜಾಗ. ಬಲಗಡೆ ಕುಳಿತ ಚಾಲಕನಿಗೆ ಅದು ಎದುರಿನ ಎಡ ಚಕ್ರದ ಸದ್ದಾಗಿಯೇ ಕೇಳುತ್ತದೆ. ಕಿವಿಯ ತಪ್ಪಲ್ಲ, ತಗಡಿನ ಗುಣ.

ಎರಡು ಮೊಬೈಲ್ ಸಾಕು. ಒಂದನ್ನು ಬಟ್ಟೆಯಲ್ಲಿ ಸುತ್ತಿ ಎದುರಿನ ಎಡ ಕಾಲಡಿಯಲ್ಲಿ, ಇನ್ನೊಂದನ್ನು ಅದೇ ಥರ ಸುತ್ತಿ ಡಿಕ್ಕಿಯ ನೆಲದ ಮೇಲೆ ಇಟ್ಟು ಎರಡರಲ್ಲೂ ರೆಕಾರ್ಡಿಂಗ್ ಶುರು ಮಾಡಿ. ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಎರಡನ್ನೂ ಹೊಂದಿಸಿ ಕೇಳಲು ಗುರುತು ಸಿಗುತ್ತದೆ. ಅದೇ ರಸ್ತೆಯಲ್ಲಿ ಮೂರು ಸುತ್ತು. ಆಮೇಲೆ ಮೊಬೈಲ್‌ಗಳ ಜಾಗ ಅದಲುಬದಲು ಮಾಡಿ ಇನ್ನೂ ಮೂರು, ಒಂದು ಮೊಬೈಲಿನ ಮೈಕ್ ಜೋರಾಗಿದ್ದರೆ ಮೋಸ ಹೋಗಬಾರದಲ್ಲ. ಆರರಲ್ಲಿ ಆರು ಸಲವೂ ಡಿಕ್ಕಿಯಲ್ಲಿದ್ದ ಮೊಬೈಲಿನಲ್ಲಿ ಟಕ್ ಜೋರು, ಚೂಪು. ಎದುರಿನದರಲ್ಲಿ ಅದೇ ಪೆಟ್ಟು ಮೊಂಡಾಗಿ. ಹುಡುಕಬೇಕಾದ ಜಾಗ ಹಿಂದಕ್ಕೆ ಬಂತು.

ಹಿಂದೆ ಹೋದ ಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ರ್‍ಯಾಂಪ್ ಮೇಲೆ, ಚಕ್ರಗಳಿಗೆ ಎರಡೂ ಕಡೆ ಅಡ್ಡೆ ಕೊಟ್ಟು, ಒಬ್ಬರು ಹೊರಗೆ ನಿಂತು ಹಿಂದಿನ ಕಿಟಕಿಯ ಮೇಲಿನ ಅಂಚು ಹಿಡಿದು ಗಾಡಿಯನ್ನು ಎಡಬಲಕ್ಕೆ ತೊಟ್ಟಿಲ ಹಾಗೆ ತೂಗಬೇಕು. ಕೆಳಗಿದ್ದವರು ಒಂದೊಂದೇ ಜಾಯಿಂಟಿನ ಮೇಲೆ ಬೆರಳು ಇಡುತ್ತ ಹೋಗಬೇಕು. ಬೆರಳನ್ನು ಅರ್ಧ ಬುಷ್ ಮೇಲೆ, ಅರ್ಧ ಬ್ರ್ಯಾಕೆಟ್ ಮೇಲೆ ಬರುವಂತೆ, ಎರಡರ ನಡುವೆ ಸಿಕ್ಕಿಕೊಳ್ಳದಂತೆ ಹೊರಬದಿಯಿಂದ ಇಡಬೇಕು. ಶಾಕಬ್ಸರಿನ ಕೆಳಗಿನ ಬೋಲ್ಟ್, ನಿಶ್ಚಲ. ಟ್ರೇಲಿಂಗ್ ಆರ್ಮ್ ಬುಷ್ ನಾಲ್ಕೂ, ರಬ್ಬರ್ ತಿರುಚುತ್ತದೆ ಅಷ್ಟೇ. ಲ್ಯಾಟರಲ್ ರಾಡಿನ ಆಕ್ಸಲ್ ತುದಿ, ಸರಿ. ಬಾಡಿ ಬದಿಯ ತುದಿಗೆ ಬೆರಳು ಇಟ್ಟ ಕೂಡಲೇ ಪ್ರತಿ ತೂಗಿಗೂ ಒಂದು ಸಣ್ಣ ಕುಟುಕು ಉಗುರಿಗೆ ತಾಗಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ರಬ್ಬರ್ ಬಿರುಕು ಬಿಟ್ಟಿರಲಿಲ್ಲ, ನಟ್ಟು ಇತ್ತು, ಸ್ಪ್ಯಾನರ್ ಹಾಕಿದರೆ ಬಿಗಿಯಾಗಿಯೂ ಇತ್ತು.

ಬಿಗಿಯಾಗಿದ್ದ ಸಡಿಲ ಬೋಲ್ಟ್

ಬೋಲ್ಟ್ ಹೊರಗೆ ಬಂದ ಮೇಲೆ ವಿಷಯ ತಿಳಿಯಿತು. ಈ ಬುಷ್‌ನ ನಡುವೆ ಒಂದು ಕಬ್ಬಿಣದ ಒಳಕೊಳವೆ ಇರುತ್ತದೆ. ಬೋಲ್ಟ್ ಬಿಗಿದಾಗ ಬ್ರ್ಯಾಕೆಟ್ಟಿನ ಎರಡು ಕಿವಿಗಳು (ಎರಡೂ ಪಕ್ಕದ ತೂತಿನ ತಗಡು) ಆ ಕೊಳವೆಯನ್ನು ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು. ಕೊಳವೆ ಅಲುಗಬಾರದು, ಚಲನೆಯೆಲ್ಲ ರಬ್ಬರಿನ ತಿರುಚಿನಲ್ಲೇ ಮುಗಿಯಬೇಕು. ಇಲ್ಲಿ ನಟ್ಟಿನ ಎಳೆಗಳಲ್ಲಿ ತುಕ್ಕು ತುಂಬಿ, ಸ್ಪ್ಯಾನರಿನ ಬಲವೆಲ್ಲ ಎಳೆಯ ಉಜ್ಜಾಟಕ್ಕೇ ಖರ್ಚಾಗಿತ್ತು. ಕೈಗೆ ಬಿಗಿ, ಕಿವಿಗಳಿಗೆ ಬಿಗಿಯಿಲ್ಲ. ಕೊಳವೆ ಕಿವಿಗಳ ನಡುವೆ ಪ್ರತಿ ಹೊಂಡಕ್ಕೂ ಜಾರುತ್ತ, ಬೋಲ್ಟಿನ ಮೈಯನ್ನು ತಿಂದಿತ್ತು. ವರ್ನಿಯರಿನಲ್ಲಿ ಅಳೆದರೆ ಬೋಲ್ಟ್ ಉಜ್ಜಿದ ಜಾಗದಲ್ಲಿ 0.6 ಮಿ.ಮೀ. ತೆಳ್ಳಗಾಗಿತ್ತು, ಬ್ರ್ಯಾಕೆಟ್ಟಿನ ತೂತು ಅಡ್ಡಕ್ಕೆ 1.4 ಮಿ.ಮೀ. ಉದ್ದವಾಗಿ ಮೊಟ್ಟೆಯಾಕಾರ ಪಡೆದಿತ್ತು. ಬೋಲ್ಟಿನ ಮೇಲೆ ಆ ಸವೆದ ಪಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದರ ಎರಡೂ ಪಕ್ಕ ಕಡುಕಂದು ತುಕ್ಕು. ಹೊಳಪು ಅಂದರೆ ಚಲನೆ. ಹಳೆಯ ಗಾಡಿಯ ಅಡಿಯಲ್ಲಿ ಎಲ್ಲ ಕಂದಾಗಿರುವಾಗ ಎಲ್ಲಿ ಹೊಳೆಯುತ್ತದೆಯೋ ಅಲ್ಲಿ ಏನೋ ಉಜ್ಜುತ್ತಿದೆ.

ಉಪ್ಪು ಇಲ್ಲಿಗೆ ಬರುವುದು ಗಾಳಿಯಿಂದ ಮಾತ್ರ ಅಲ್ಲ. ಬಂದರಿನಿಂದ ಹೊರಡುವ ಮೀನಿನ ಲಾರಿಗಳಿಂದ ಸುರಿಯುವ ಉಪ್ಪುನೀರು ಮಲ್ಪೆ ರಸ್ತೆಯಿಂದ ಹೆದ್ದಾರಿ 66ರವರೆಗೂ ರಸ್ತೆಯ ಮೇಲಿರುತ್ತದೆ. ಹಿಂದೆ ಹೋಗುವ ಗಾಡಿಯ ಚಕ್ರ ಅದನ್ನು ನೇರ ಅಡಿಭಾಗಕ್ಕೆ ಎರಚುತ್ತದೆ. ಜೊತೆಗೆ ಕೆಂಪು ಮಣ್ಣಿನ ಕೆಸರು. ಲ್ಯಾಟರಲ್ ರಾಡಿನ ಬಾಡಿ ಬದಿಯ ಬ್ರ್ಯಾಕೆಟ್ ಕೆಸರು ಕೂತು ತೇವ ಹಿಡಿಯುವ ಮೂಲೆ.

ಬೋಲ್ಟ್ ಮತ್ತು ಬುಷ್ ಮಾತ್ರ ಬದಲಿಸಿ ಮೊಟ್ಟೆ ತೂತನ್ನು ಹಾಗೇ ಬಿಟ್ಟರೂ ಸದ್ದು ನಿಲ್ಲುತ್ತದೆ, ಬಿಗಿ ಇರುವಷ್ಟು ದಿನ. ಬಿಗಿ ಸ್ವಲ್ಪ ಇಳಿದರೂ ಬೋಲ್ಟ್ ಓಡಾಡಲು ಜಾಗ ಸಿದ್ಧವಾಗಿರುತ್ತದೆ. ತೂತನ್ನು ಸರಿ ಮಾಡಲೇಬೇಕು, ಮಾಡುವುದು ವೆಲ್ಡಿಂಗಿನಲ್ಲಿ, ವೆಲ್ಡಿಂಗ್ ಜಾಗದ ಹತ್ತಿರವೇ ಪೆಟ್ರೋಲ್ ಟ್ಯಾಂಕ್. ಟ್ಯಾಂಕ್ ಇಳಿಸದೆ ಇಲ್ಲಿ ಕಿಡಿ ಹಾರಿಸಬಾರದು. ‘ಪೆಟ್ರೋಲ್ ಖಾಲಿ ಮಾಡಿದರೆ ಸಾಕು’ ಅನ್ನುವುದು ತುಂಬ ಅಪಾಯದ ಮಾತು, ಖಾಲಿ ಟ್ಯಾಂಕಿನ ಒಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಬೇಗ ಸಿಡಿಯುತ್ತದೆ. ಟ್ಯಾಂಕ್ ಇಳಿಸಿ, ಪೈಪ್‌ಗಳ ಬಾಯಿ ಮುಚ್ಚಿ, ಶೆಡ್ಡಿನ ಹೊರಗೆ ದೂರ ಇಡಲಾಯಿತು. ಪಕ್ಕದ ಬ್ರೇಕ್ ಪೈಪಿಗೆ ಒದ್ದೆ ಗೋಣಿ ಸುತ್ತಿ, ಕೈಗೆಟಕುವಷ್ಟು ದೂರದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಡಲಾಯಿತು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅರ್ತ್ ಕ್ಲ್ಯಾಂಪನ್ನು ಬ್ರ್ಯಾಕೆಟ್ಟಿನ ಪಕ್ಕದಲ್ಲೇ ಉಜ್ಜಿದ ತಗಡಿಗೆ ಕಚ್ಚಿಸಬೇಕು. ದೂರ ಕಚ್ಚಿಸಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದರ ಗುಂಡುಗಳಿಗೆ ಗಾಯ ಮಾಡಬಹುದು.

ಸರಿಮಾಡಿದ ರೀತಿ: 3 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪ್ಲೇಟಿನಿಂದ ಲೇತಿನಲ್ಲಿ ಎರಡು ವಾಷರ್, ಒಳತೂತು ಹೊಸ ಬೋಲ್ಟಿಗೆ ಸರಿಯಾಗಿ ಜಾರುವಷ್ಟೇ. ಕಿವಿಗಳ ಹೊರಮೈಯನ್ನು ಬರೀ ಲೋಹ ಕಾಣುವವರೆಗೆ ಉಜ್ಜಿ, ವಾಷರ್‌ಗಳನ್ನು ಹೊರಬದಿಗೆ ಇಡಬೇಕು. ಒಳಬದಿಗೆ ಇಟ್ಟರೆ ಕಿವಿಗಳ ನಡುವಿನ ಜಾಗ ಕಡಿಮೆಯಾಗಿ ಬುಷ್ ಕೂರುವುದಿಲ್ಲ. ಮೂಲ ತೂತಿನ ಕೇಂದ್ರ ಎಲ್ಲಿತ್ತು ಅನ್ನುವುದನ್ನು ಸವೆಯದ ಮೇಲಿನ ಮತ್ತು ಕೆಳಗಿನ ಅಂಚಿನಿಂದ, ಒಂದು ಬದಿಗೆ ಮಾತ್ರ ತಿಂದಿದ್ದರೆ ತಿನ್ನದ ಬದಿಯ ಕಮಾನಿನಿಂದ ಗುರುತಿಸಬೇಕು. ಹಳೆಯ ಬುಷ್‌ನಿಂದ ಕತ್ತರಿಸಿ ತೆಗೆದ ಒಳಕೊಳವೆಯನ್ನು ನಡುವೆ ಇಟ್ಟು, ಹಳೆಯದೊಂದು ಸವೆಯದ ಬೋಲ್ಟ್ ಹಾಕಿ ಬಿಗಿದರೆ ಎರಡೂ ವಾಷರ್ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಹೊಸ ರಬ್ಬರ್ ಬುಷ್ ಇಟ್ಟು ವೆಲ್ಡ್ ಮಾಡಿದರೆ ಅದು ಬೆಂದು ಹೋಗುತ್ತದೆ. ನಾಲ್ಕು ಕಡೆ ಚುಕ್ಕೆ ಹಾಕಿ, ಎದುರುಬದುರಾಗಿ 10 ಮಿ.ಮೀ. ತುಂಡು ತುಂಡಾಗಿ ಸುತ್ತು ಮುಗಿಸಬೇಕು, ನಡುವೆ ಆರಲು ಬಿಡಬೇಕು. ಒಂದೇ ಸಮ ಓಡಿಸಿದರೆ ಹಳೆಯ ತೆಳು ತಗಡು ತೂತಾಗುತ್ತದೆ, ಕಿವಿ ಸೊಟ್ಟಗಾಗುತ್ತದೆ.

ಎರಡು ವಾಷರ್ ಸೇರಿ ದಪ್ಪ 6 ಮಿ.ಮೀ. ಹೆಚ್ಚಾದ್ದರಿಂದ ಬೋಲ್ಟ್ ಅಷ್ಟು ಉದ್ದದ್ದೇ ಬೇಕು, ಗಟ್ಟಿತನ 8.8 ಗ್ರೇಡ್‌ಗಿಂತ ಕಡಿಮೆ ಇರಬಾರದು, ತಲೆಯ ಮೇಲೆ ಅಂಕಿ ಬರೆದಿರುತ್ತದೆ. ಎಳೆಯಿಲ್ಲದ ನುಣುಪು ಮೈ ಎರಡೂ ಕಿವಿಗಳಲ್ಲಿ ಕೂರುವಂತಿರಬೇಕು. ಪೂರ್ತಿ ಎಳೆ ಇರುವ ಬೋಲ್ಟ್ ಹಾಕಿದರೆ ಎಳೆಯೇ ಅರವಾಗಿ ತೂತನ್ನು ಮತ್ತೆ ತಿನ್ನುತ್ತದೆ. ನಟ್ಟು ಹೊಸದು, ನೈಲಾನ್ ಉಂಗುರ ಇರುವಂಥದ್ದು. ಕಿವಿಗಳ ಒಳಮೈಗೆ ದಪ್ಪ ಪೇಂಟ್ ಹೊಡೆಯಬೇಡಿ. ಒತ್ತಡಕ್ಕೆ ಪೇಂಟ್ ಪದರ ಹಿಸುಕಿಹೋಗಿ ಬಿಗಿ ಇಳಿಯುತ್ತದೆ. ಜಿಂಕ್ ಪ್ರೈಮರ್ ತೆಳ್ಳಗೆ ಸಾಕು, ಪೇಂಟ್ ಹೊರಗಿನಿಂದ ಮಾತ್ರ.

ಲ್ಯಾಟರಲ್ ರಾಡಿಗೆ ಎರಡೂ ತುದಿಯ ಬುಷ್ ಪ್ರೆಸ್ಸಿನಲ್ಲಿ ಬದಲಾಯಿತು. ಸುತ್ತಿಗೆಯಲ್ಲಿ ಬಡಿದು ಹಾಕಿದರೆ ಹೊರಕವಚದ ಅಂಚು ಮಡಚುತ್ತದೆ. ಒತ್ತುವ ಕೊಳವೆ ಹೊರಕವಚದ ಮೇಲೆ ಮಾತ್ರ ಕೂರಬೇಕು, ರಬ್ಬರಿನ ಮೇಲಲ್ಲ. ರಾಡ್ ಕೂರಿಸಿ, ಬೋಲ್ಟ್ ಕೈಬಿಗಿ ಮಾಡಿ, ಟ್ಯಾಂಕ್ ಮೊದಲಿನ ಹಾಗೆ ಏರಿಸಿ, ನಾಲ್ಕೂ ಚಕ್ರ ರ್‍ಯಾಂಪ್ ಮೇಲೆ ನಿಲ್ಲಿಸಿ, ಡಿಕ್ಕಿಗೆ ಸ್ಟೆಪ್ನಿ ವಾಪಸು ಇಟ್ಟು, ಹಿಂಭಾಗವನ್ನು ಐದಾರು ಸಲ ಒತ್ತಿ ಬಿಟ್ಟು, ಆಮೇಲೆ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿ. ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯೇ ಮೊದಲು. ಪುಸ್ತಕ ಕೈಯಲ್ಲಿಲ್ಲದಿದ್ದರೆ 8.8 ಗ್ರೇಡಿನ ಎಂ10 (10 ಮಿ.ಮೀ. ದಪ್ಪದ) ಬೋಲ್ಟಿಗೆ 45ರಿಂದ 50 ನ್ಯೂಟನ್ ಮೀಟರ್, ಎಂ12ಕ್ಕೆ 80ರ ಆಸುಪಾಸು ಅನ್ನುವುದು ಸಾಮಾನ್ಯ ಲೆಕ್ಕ. ಚಕ್ರ ನೇತಾಡುವಾಗ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಬಿಗಿದ ನಟ್ಟಿನಿಂದ ಬ್ರ್ಯಾಕೆಟ್ಟಿನವರೆಗೆ ಕೆಂಪು ನೈಲ್ ಪಾಲಿಶಿನಲ್ಲಿ ಒಂದು ಗೆರೆ. ನಟ್ಟು ಕೂದಲಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ಮುಂದಿನ ಸಲ ಟಾರ್ಚ್ ಹಾಕಿ ನೋಡಿದರೆ ಸಾಕು.

ಅದೇ 200 ಮೀಟರ್, ಅದೇ ಕಿತ್ತುಹೋದ ಅಂಚು. ಟಕ್ ಇಲ್ಲ. ಅದು ನಿಂತ ಮೇಲೆ ಅದರ ಹಿಂದೆ ಅಡಗಿದ್ದ ಒಂದು ಸಣ್ಣ ‘ಟಿಣ್ ಟಿಣ್’ ಕೇಳಿಸಿತು: ಸೈಲೆನ್ಸರಿನ ಹಿಂದಿನ ನೇತು ರಬ್ಬರ್ ಉದ್ದವಾಗಿ ಪೈಪು ಕೊಕ್ಕೆಗೆ ತಾಗುತ್ತಿತ್ತು. ರಬ್ಬರ್ ಬದಲಿಸಿ ಮುಗಿಯಿತು.

ಒಟ್ಟು ಹೊಸ ಸಾಮಾನು: ಬಾರ್ ತುದಿ ಬುಷ್ ಎರಡೂ ಬದಿಗೆ, ಡಿ ಬುಷ್ 2, ಲ್ಯಾಟರಲ್ ರಾಡ್ ಬುಷ್ 2, ಬೋಲ್ಟ್ ನಟ್ಟು 1 ಜೊತೆ, ವಾಷರ್ 2, ಸೈಲೆನ್ಸರ್ ರಬ್ಬರ್ 1. ಕೇಳುವುದಕ್ಕೆ ಒಂದು ಬೆಳಗ್ಗೆ, ಎದುರಿನ ಕೆಲಸಕ್ಕೆ ಅರ್ಧ ದಿನ, ಟ್ಯಾಂಕ್ ಇಳಿಸಿ ಏರಿಸುವುದೂ ಸೇರಿ ಹಿಂದಿನದಕ್ಕೆ ಒಂದೂವರೆ ದಿನ.

ಕೆಳಭಾಗಕ್ಕೆ ಹಳೆಯ ಇಂಜಿನ್ ಆಯಿಲ್ ಬಳಿಯುವ ರೂಢಿ ಇದೆ, ಈ ಗಾಡಿಗೆ ಅದನ್ನು ಮಾಡಿಲ್ಲ. ತಗಡಿಗೆ ಒಳ್ಳೆಯದಾದರೂ ಬುಷ್‌ಗಳಿಗೆ ಅದು ವಿಷ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅಡಿಭಾಗ ತೊಳೆಯುವುದು, ಬ್ರ್ಯಾಕೆಟ್ ಮೂಲೆಯ ಕೆಸರನ್ನು ಕೋಲಿನಿಂದ ಕೆದಕುವುದು, ಬೋಲ್ಟಿನ ಹೊರಗಿನ ಎಳೆಗೆ ಮೇಣದ ಸ್ಪ್ರೇ.

100 ಕಿ.ಮೀ. ಆದ ಮೇಲೆ ಟಾರ್ಕ್ ಮತ್ತೊಮ್ಮೆ ನೋಡಲಾಯಿತು, ಇಳಿದಿರಲಿಲ್ಲ. ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿ ಇಳಿದು ಬಂದ ಮೇಲೆ ಗೆರೆಗೆ ಟಾರ್ಚ್ ಹಾಕಿದರೆ ನೈಲ್ ಪಾಲಿಶ್ ಬಿರುಕು ಬಿಟ್ಟಿಲ್ಲ. ಮುಂದಿನ ತಪಾಸಣೆ ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ.